ಪುಟ್ಟತ್ತೆಯ ಗಡಿಗೆ, ಆವತ್ತಿನ ಮೋಡ

ಇಲ್ಲ, ಮೋಡ ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಆದರೆ ಅನ್ನಿಸುವುದು ಬೇರೆ, ನೆನಪಿರುವುದು ಬೇರೆ. ನನ್ನ ಅಣ್ಣ ರಂಗ ಮೋಡ ಇತ್ತು ಅನ್ನುತ್ತಾನೆ. ಸಂತೆಬಾಚಹಳ್ಳಿಯ ದಿಕ್ಕಿನಿಂದ ಕರಿಮೋಡ ಎದ್ದು ಬರುತ್ತಿತ್ತು, ಗಾಳಿಗೆ ಹೊಂಗೆಹೂವು ಅಂಗಳದ ತುಂಬ ಉದುರುತ್ತಿತ್ತು ಎಂದು, ಆ ಮೋಡವನ್ನು ತಾನೇ ಹಗ್ಗ ಹಾಕಿ ಎಳೆದುಕೊಂಡು ಬಂದವನ ಹಾಗೆ ಹೇಳುತ್ತಾನೆ. ಆ ಉದುರುವ ಹೂವಿನ ಮಾತು ಬಂದಾಗಲೇ ನನಗೆ ಸಿಟ್ಟು ನೆತ್ತಿಗೇರುವುದು. ಹೊಂಗೆ ಹೂವು ಮುಗಿದ ಮೇಲೆ ತಾನೆ ನಮ್ಮೂರಲ್ಲಿ ಜೇನು ಕೊಯ್ಯುತ್ತಿದ್ದದ್ದು? ಉದುರಲು ಹೂವೆಲ್ಲಿತ್ತು?

‘ಆಗಿನ ಕಾಲದಲ್ಲಿ’ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ನಮ್ಮ ಮನೆಯವರ ಮುಖವೆಲ್ಲ ಮೆತ್ತಗಾಗುತ್ತದೆ. ಆಗಿನ ಕಾಲದ ಜೇನು, ಆಗಿನ ಕಾಲದ ರಾಗಿರೊಟ್ಟಿ, ಆಗಿನ ಕಾಲದ ದೊಡ್ಡಪ್ಪನ ದೊಡ್ಡ ಮನಸ್ಸು. ಮದುವೆಯಲ್ಲೋ ತಿಥಿಯಲ್ಲೋ ನಾಲ್ಕು ಜನ ಸೇರಿದರೆ ರಂಗ ಈ ಕಥೆ ತೆಗೆಯುತ್ತಾನೆ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ನಾನು ಎದ್ದು ಒಳಗೆ ಹೋಗುತ್ತೇನೆ. ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥದೊಂದು ಸಿಹಿ ಕಥೆ ಇದ್ದೀತು. ಅದನ್ನು ಹೇಳುವಾಗ ಯಾರು ನಗುವುದಿಲ್ಲ ಎಂದು ಒಮ್ಮೆ ತಿರುಗಿ ನೋಡಿ.

ಆದರೂ ನಾನೂ ಅಲ್ಲಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಆಗಿನ ಕಾಲದಲ್ಲಿ, ಅಂದರೆ ಕನ್ನಂಬಾಡಿ ಕಟ್ಟೆಯ ಕೆಲಸಕ್ಕೆ ಹೋಗಿದ್ದವರು ಒಬ್ಬೊಬ್ಬರೇ ಊರಿಗೆ ಹಿಂತಿರುಗಿದ್ದ ಕಾಲದಲ್ಲಿ, ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಊರಿನ ಕೆಲವು ಮನೆಯವರು ತುಡುವೆ ಜೇನು ಸಾಕುತ್ತಿದ್ದರು. ಮಾರಲಿಕ್ಕಲ್ಲ. ಹುಂಜ ಸಾಕಿದ ಹಾಗೆ, ಪಾರಿವಾಳ ಸಾಕಿದ ಹಾಗೆ, ಅದೊಂದು ಹುಚ್ಚು. ಮಣ್ಣಿನ ಗಡಿಗೆಯನ್ನು ಗೋಡೆಯೊಳಗೆ ಅಡ್ಡಲಾಗಿ ಹುದುಗಿಸಿ, ಬಾಯಿಗೆ ತೆಂಗಿನ ಚಿಪ್ಪು ಕೂರಿಸಿ, ಸುತ್ತ ಸಗಣಿ ಮೆತ್ತಿ, ಹುಳ ಬಂದು ಹೋಗಲು ಬೆರಳು ತೂರುವಷ್ಟು ಕಿಂಡಿ ಬಿಡುತ್ತಿದ್ದರು. ನಮ್ಮ ದೊಡ್ಡಪ್ಪನದು ಮುಂದಿನ ಗೋಡೆಯಲ್ಲಿ ಸಾಲಾಗಿ ಗಡಿಗೆಗಳು. ಸಂಜೆಯಾದರೆ ಜೇನಿನ ಹುಚ್ಚಿನವರೆಲ್ಲ ಆ ಗೋಡೆಗೆ ಒರಗಿ ನಮ್ಮ ಜಗುಲಿಯ ಮೇಲೆ ಕೂತು ಹರಟುತ್ತಿದ್ದರು. ಗಾಣದ ನಂಜಯ್ಯ ಬಂದರೆ ಹಿಪ್ಪೆ ಎಣ್ಣೆಯ ವಾಸನೆ ಮೊದಲು ಬರುತ್ತಿತ್ತು. ದರ್ಜಿ ಖಾದರ್ ಸಾಬರ ಅಂಗಿಗೆ ಯಾವಾಗಲೂ ದಾರದ ತುಂಡುಗಳು ಅಂಟಿರುತ್ತಿದ್ದವು.

ಆ ಜನರ ಪದ್ಧತಿಗಳು ಚೆನ್ನಾಗಿದ್ದವು. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅದೇ ನನ್ನನ್ನು ಇನ್ನಷ್ಟು ಕೆರಳಿಸುವುದು. ಜೇನನ್ನು ಊರಿಗೆಲ್ಲ ಒಂದೇ ದಿನ ಕೊಯ್ಯಬೇಕು. ಒಂದು ಮನೆಯಲ್ಲಿ ಇವತ್ತು, ಇನ್ನೊಂದು ಮನೆಯಲ್ಲಿ ನಾಳೆ ಎಂದಾದರೆ ಜೇನಿನ ವಾಸನೆಗೆ ಹುಳಗಳಿಗೆ ಕಳ್ಳಬುದ್ಧಿ ಹುಟ್ಟುತ್ತದೆ, ಒಂದರ ಗೂಡಿಗೆ ಇನ್ನೊಂದು ನುಗ್ಗುತ್ತದೆ. ಕೊಯ್ದ ಮೇಲೆ ಜೇನು ಹಿಂಡಿದ ಪಾತ್ರೆಗಳನ್ನು ತೊಳೆಯುತ್ತಿರಲಿಲ್ಲ. ಆ ವರ್ಷ ಯಾವ ಮನೆಯ ಹುಳ ಬಡವಾಗಿದೆಯೋ ಆ ಗಡಿಗೆಯ ಬಾಯಿಗೆ ಎಲ್ಲರ ಪಾತ್ರೆಗಳನ್ನೂ ಒಯ್ದು ಇಡುತ್ತಿದ್ದರು. ಅಂಟಿದ ಜೇನನ್ನು ನೆಕ್ಕಿಕೊಂಡು ಆ ಬಡಪಾಯಿ ಹುಳ ಮಳೆಗಾಲ ದಾಟಲಿ ಎಂದು. ಆದರೆ ಇಡುವುದು ಹೊತ್ತು ಮುಳುಗಿದ ಮೇಲೆ. ಬೇರೆ ಹುಳಗಳೆಲ್ಲ ಗೂಡು ಸೇರಿದ ಮೇಲೆ. ಬೆಳಕಿದ್ದಾಗ ಇಟ್ಟರೆ ಊರಿನ ಹುಳವೆಲ್ಲ ಆ ಗಡಿಗೆಯ ಮೇಲೆ ಬೀಳುತ್ತದೆ. ಇದು ಹುಡುಗಿಯಾದ ನನಗೇ ಗೊತ್ತಿತ್ತು.

ಪುಟ್ಟತ್ತೆ ನನ್ನ ಅಪ್ಪನ, ದೊಡ್ಡಪ್ಪನ ಕಡೇ ತಂಗಿ. ಅವಳ ಗಂಡ ಕನ್ನಂಬಾಡಿಗೆ ಹೋದವನು ಅಲ್ಲಿಂದ ಕೋಲಾರದ ಗಣಿಯ ಕಡೆ ಹೋಗಿ, ಇನ್ನೊಬ್ಬಳ ಜೊತೆ ಮನೆ ಹೂಡಿದ. ಅತ್ತೆ ಒಂದು ಗಂಟು ಕಟ್ಟಿಕೊಂಡು ತವರಿಗೆ ಬಂದಳು. ಬಂದವಳು ಮೂಲೆ ಹಿಡಿದು ಕೂರಲಿಲ್ಲ, ಅದೇ ಅವಳ ತಪ್ಪಾಯಿತು. ನನ್ನ ಜೊತೆ ಹುಣಸೆಬೀಜ ಹಾಕಿಕೊಂಡು ಅಳಿಗುಳಿಮಣೆ ಆಡುತ್ತಿದ್ದಳು, ಸೋತರೆ ಜಗಳ ತೆಗೆಯುತ್ತಿದ್ದಳು. ಹುಚ್ಚೆಳ್ಳು ಕಟಾವಾದ ಮೇಲೆ ಒಂದು ದಿನ ಹೊಸಹೊಳಲಿನ ದಾರಿಯಲ್ಲಿ, ಹುಣಸೆಯ ಕೊಂಬೆಗೆ ಜೇನಿನ ಹಿಂಡೊಂದು ಗಡ್ಡದ ಹಾಗೆ ಜೋತುಬಿದ್ದಿರುವುದನ್ನು ಕಂಡಳು. ಮನೆಗೆ ಓಡಿಬಂದು, ಗಡಿಗೆಯೊಂದರ ಒಳಗೆ ಜೇನುಮೇಣ ಸವರಿ, ಬಿಸಿಲಿಗೆ ಕಾಯಿಸಿ ತೆಗೆದುಕೊಂಡು ಹೋಗಿ, ಸೆರಗನ್ನು ಮುಖಕ್ಕೆ ಸುತ್ತಿ ಮರ ಹತ್ತಿದಳು. ಮರ ಹತ್ತಿದಳು! ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹೆಂಗಸು. ಕೊಂಬೆ ಒದರಿ ಹಿಂಡನ್ನು ಗಡಿಗೆಗೆ ಇಳಿಸಿಕೊಂಡು, ಸಂಜೆ ತಲೆಯ ಮೇಲೆ ಹೊತ್ತು ಬಂದಾಗ ಜಗುಲಿಯ ಮೇಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು.

ಮೊದಲು ಬಾಯಿ ಬಿಟ್ಟವನು ನಂಜಯ್ಯ. “ಏನಮ್ಮಿ ಪುಟ್ಟಿ, ಬಿಟ್ಟೋದ ಗಂಡನ್ನ ಇಡ್ಕಬಾ ಅಂದ್ರೆ ಉಳ ಇಡ್ಕಬಂದಿದ್ದೀಯ!”

“ಇವು ಕಚ್ಚಿದ್ರೂ ಮನೇಲೇ ಇರ್ತವೆ ನಂಜಯ್ಯಣ್ಣ,” ಅಂದಳು ಅತ್ತೆ.

ಸಾಬರು ಎದ್ದುಬಂದು ಗಡಿಗೆಗೆ ಕಿವಿಯಿಟ್ಟು ಕೇಳಿದರು. “ವಾವಾ, ರಾಣಿ ಒಳಗದೆ ಕಣಮ್ಮ. ಸದ್ದು ನೋಡು, ಒಂದೇ ಸಮ.”

ದೊಡ್ಡಪ್ಪ ನಗಲಿಲ್ಲ, ಬೈಯಲೂ ಇಲ್ಲ. ನಾಗಮಂಗಲದ ಕಡೆಯ ಒಬ್ಬ ಹೆಂಡತಿ ಸತ್ತವನಿಗೆ ಅತ್ತೆಯನ್ನು ಕೂಡಾವಳಿ ಮಾಡಿ ಕೊಡುವ ಮಾತು ಆಗಲೇ ನಡೆದಿತ್ತು. ಕೂಡಾವಳಿ ಎಂದರೆ ಓಲಗವಿಲ್ಲದ, ಚಪ್ಪರವಿಲ್ಲದ ಎರಡನೇ ಮದುವೆ. ಅತ್ತೆ ಒಪ್ಪಿರಲಿಲ್ಲ. ದೊಡ್ಡಪ್ಪ ಎಲೆಯಡಿಕೆ ಅಗಿಯುತ್ತ, ಎಲ್ಲರಿಗೂ ಕೇಳುವ ಹಾಗೆ ಅಂದ: “ಸರಿ ಕಣಮ್ಮಿ. ಇತ್ತಿಲ ಗೋಡೇಲಿ ಮಡಿಕ್ಕೊ. ಉಳ ನಿಂತು ಮಳೆ ಕಂಡ್ರೆ ನೀನೂ ಈ ಮನೇಲಿ ನಿಂತ್ಕೊ, ನಾ ಏನೂ ಕೇಳಾಕಿಲ್ಲ. ನಿಲ್ನಿಲ್ವೋ, ನಾಗಮಂಗಲದೋರ್ಗೆ ಊಂ ಅಂದ್ಬುಡು.”

ಜಗುಲಿ ಗೊಳ್ಳೆಂದು ನಕ್ಕಿತು. ಅತ್ತೆ ಮಾತ್ರ ಆ ನಗುವನ್ನು ಕೆಳಗೆ ಬೀಳಗೊಡಲಿಲ್ಲ. “ಆಗ್ಲಿ ಅಣ್ಣಯ್ಯ. ಸಾಬ್ರೇ, ನಂಜಯ್ಯಣ್ಣ, ಕೇಳಿಸ್ಕಂಡ್ರಾ? ಅಣ್ಣಯ್ಯನ ಬಾಯಲ್ಲಿ ಬಂದ ಮಾತು.”

ಹಿತ್ತಿಲಿನ ಮಣ್ಣುಗೋಡೆಯಲ್ಲಿ ಗಡಿಗೆ ಕೂತಿತು. ಆ ಬೇಸಿಗೆ ನಾನು ಬೇರೆ ಆಟವನ್ನೇ ಆಡಲಿಲ್ಲ. ಅತ್ತೆ ನಮಗೆ ಹಿಟ್ಟಿನಾಟ ಕಲಿಸಿದ್ದಳು. ಹಳ್ಳದ ಹತ್ತಿರ ನೀರು ಕುಡಿಯುವ ಹುಳಗಳ ಮೇಲೆ ಚಿಟಿಕೆ ರಾಗಿಹಿಟ್ಟು ಉದುರಿಸುವುದು. ನಾನು ಹಿತ್ತಿಲಲ್ಲಿ, ರಂಗ ಮುಂದಿನ ಗೋಡೆಯ ಹತ್ತಿರ ಕಾಯುವುದು. ಹಿಟ್ಟು ಮೆತ್ತಿದ ಹುಳ ಯಾರ ಕಡೆ ಬಂತೋ ಅವರು ಕೂಗಬೇಕು. ಹೊಂಗೆ ಅರಳಿದಾಗ ಹಳ್ಳದ ದಂಡೆಯೆಲ್ಲ ಗುಂಯ್ ಎನ್ನುತ್ತಿತ್ತು. ಹಸಿ ಸಗಣಿ, ಕಾದ ಮಣ್ಣು, ಒಳಗಿನ ಮೇಣ, ಮೂರೂ ಸೇರಿದ ಒಂದು ವಾಸನೆ ಅತ್ತೆಯ ಗಡಿಗೆಯ ಕಿಂಡಿಯಿಂದ ಬರುತ್ತಿತ್ತು. ಅದು ಮಾತ್ರ ನನಗೆ ಖಂಡಿತ ನೆನಪಿದೆ. ವಾಸನೆಯನ್ನು ಯಾರೂ ಹೇಳಿಕೊಟ್ಟು ನೆನಪಾಗಿಸಲು ಬರುವುದಿಲ್ಲ.

ಅತ್ತೆಯ ಹುಳ ಚಿಕ್ಕ ಹಿಂಡು. ಹೊಂಗೆ ಮುಗಿಯುವಾಗ ಅಂಗೈಯಗಲದ ಕೆಲವು ಜೇನುರೊಟ್ಟಿ ಕಟ್ಟಿತ್ತು, ಅಷ್ಟೇ. ಮೊದಲ ವರ್ಷ ಅದನ್ನು ಕೊಯ್ಯುವಂತಿಲ್ಲ. ಇನ್ನೇನು ಮುಂಗಾರು ಹಿಡಿಯಬೇಕು, ಅತ್ತೆ ಗೆದ್ದ ಹಾಗೆಯೇ. ಅವಳು ಆಗಲೇ ಹಿತ್ತಿಲ ಮೂಲೆಯಲ್ಲಿ ಇನ್ನೊಂದು ಗಡಿಗೆಗೆ ಜಾಗ ಕೊರೆಯುತ್ತಿದ್ದಳು. “ಇದು ಬೆಳದು ಎಲ್ಡು ಪಾಲಾದ್ರೆ ಇನ್ನೊಂದ್ನ ಎಲ್ ಮಡಗಾನೆ?” ಅಂತ ನನ್ನನ್ನೇ ಕೇಳಿದ್ದಳು.

ಕೊಯ್ಯುವ ದಿನ ಬಂತು.

ಯಾವಾಗಲೂ ಇಳಿಹೊತ್ತಿಗೆ ಶುರು ಮಾಡುವುದು. ಆವತ್ತು ಮಧ್ಯಾಹ್ನ ಉಂಡ ಕೂಡಲೇ ಶುರು ಮಾಡಿದರು. ಬೆರಣಿ ಹೊಗೆ, ಕಂಬಳಿ ಹೊದ್ದ ಗಂಡಸರು, ಮಕ್ಕಳನ್ನೆಲ್ಲ ಒಳಗೆ ಕೂಡಿದ್ದು, ಮೊದಲ ತುಂಡು ದೇವರ ಮುಂದೆ, ಎರಡನೆಯದು ಬಸುರಿಯರಿದ್ದ ಮನೆಗೆ. ಹೊಂಗೆಜೇನಿಗೆ ನಾಲಿಗೆಯ ಹಿಂದೆ ಒಂದು ಸಣ್ಣ ಒಗರು ಇರುತ್ತದೆ. ಇದೆಲ್ಲವನ್ನೂ ರಂಗ ನನಗಿಂತ ಚೆನ್ನಾಗಿ ಹೇಳುತ್ತಾನೆ, ಅವನನ್ನೇ ಕೇಳಿ. ನನಗೆ ಬೇಕಾದದ್ದು ಆಮೇಲಿನದು.

ಪಾತ್ರೆಗಳೆಲ್ಲ ನಮ್ಮ ಮನೆಗೆ ಬಂದವು, ಏಕೆಂದರೆ ಆ ವರ್ಷದ ಬಡಹುಳ ಪುಟ್ಟತ್ತೆಯದು. ಅದು ಅವಳಿಗೆ ಮರ್ಯಾದೆ. ಹಾಗೆ ಮಾಡಿದರೆ ಅವಳನ್ನು ಜೇನಿನವರಲ್ಲಿ ಒಬ್ಬಳೆಂದು ಒಪ್ಪಿಕೊಂಡ ಹಾಗೆ. ಅವಳ ಮುಖ ಅರಳಿತ್ತು. ಎಲ್ಲಕ್ಕಿಂತ ದೊಡ್ಡದು ನಮ್ಮ ತಾಮ್ರದ ಕೊಪ್ಪರಿಗೆ. ದೊಡ್ಡಪ್ಪ ಅದನ್ನು ತಾನೇ ಎತ್ತಿಕೊಂಡು ಹಿತ್ತಿಲಿಗೆ ನಡೆದ. ನಾನು ಹಿಂಬಾಗಿಲಲ್ಲಿ ಸೂರಿನ ಕೆಳಗೆ ನಿಂತಿದ್ದೆ.

ಸಾಬರು ಹಿಂದೆಯೇ ಬಂದರು. “ಅರೆ ಗೌಡ್ರೇ, ಒತ್ತು ಇನ್ನೂ ಅಲ್ಲೇ ಅದಲ್ಲ. ಜರಾ ತಡೀರಿ, ದೀಪ ಅಚ್ಲಿ.”

“ಮಳೆ ಬಂದ್ಬುಟ್ರೆ ಅಂಟಿರೋ ಜೇನೆಲ್ಲ ನೀರಾಗೋಗ್ತದೆ ಸಾಬ್ರೇ,” ಅಂದ ದೊಡ್ಡಪ್ಪ. “ಮೋಡ ನೋಡ್ಬಾರ್ದಾ?”

ಸಾಬರು ತಲೆಯೆತ್ತಿ ಮೇಲೆ ನೋಡಿದರು. ಏನೂ ಹೇಳಲಿಲ್ಲ.

ಇಷ್ಟೇ. ನನ್ನ ಬದುಕಿನಲ್ಲಿ ನಾನು ಅತಿ ಹೆಚ್ಚು ಸಲ ತಿರುಗಿಸಿ ನೋಡಿದ ಗಳಿಗೆ ಇದು. ಸಾಬರು ಮೇಲೆ ಮೋಡ ಕಂಡು, ಸರಿ ಎಂದು ಸುಮ್ಮನಾದರೋ? ಅಥವಾ ಬರಿ ಬಿಸಿಲು ಕಂಡು, ಗೌಡನ ಮನೆಯ ಹಿತ್ತಿಲಲ್ಲಿ ನಿಂತು ಗೌಡನನ್ನು ಸುಳ್ಳುಗಾರ ಅನ್ನಲಾರದೆ ಸುಮ್ಮನಾದರೋ? ನಾನು ನಿಂತಲ್ಲಿಗೆ ಸೂರು ಅಡ್ಡ. ಆಕಾಶ ಕಾಣುತ್ತಿರಲಿಲ್ಲ. ಕೊಪ್ಪರಿಗೆಯ ಅಂಚು ಬಿಸಿಲಿಗೆ ಫಳಾರನೆ ಹೊಳೆದದ್ದು ನನ್ನ ಕಣ್ಣಲ್ಲಿದೆ. ಹೊಳೆದಿದ್ದರೆ ಮೋಡವೆಲ್ಲಿ? ಆದರೆ ಆ ಕೊಪ್ಪರಿಗೆ ಅದಾದ ಮೇಲೂ ಎಷ್ಟೋ ವರ್ಷ ನಮ್ಮ ಮನೆಯಲ್ಲಿತ್ತು, ಹುಣಸೆಹಣ್ಣು ಹಾಕಿ ನಾನೇ ಉಜ್ಜಿ ಬಿಸಿಲಿಗೆ ಬೋರಲು ಹಾಕಿದ್ದೇನೆ. ಆ ಹೊಳಪು ಯಾವ ದಿನದ್ದು ಎಂದು ಯಾವ ದೇವರ ಮುಂದೆ ಪ್ರಮಾಣ ಮಾಡಲಿ?

ಮೊದಲು ಅತ್ತೆಯ ಹುಳ ಬಂದವು. ಕೊಪ್ಪರಿಗೆಯ ಅಂಚಿಗೆ ಸಾಲಾಗಿ ಕೂತು ನೆಕ್ಕಿದವು. ಎಲ್ಲರೂ “ನೋಡ್ರಪ್ಪ, ಎಂಗ್ ಉಣ್ತವೆ” ಎಂದು ಮೆಚ್ಚಿಕೊಂಡು ಮುಂದಿನ ಜಗುಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು. ಜೇನಿನ ಸದ್ದು ಕೇಳಿ ಬೆಳೆದವರಿಗೆ ಅದು ಗೊತ್ತು. ಗುಂಯ್ ಎನ್ನುವುದು ಹೋಗಿ ಕಿರ್ರೆನ್ನುವ ಎಳೆತ ಬರುತ್ತದೆ. ಗೋಡೆಯಾಚೆಯಿಂದ, ಮಾಳಿಗೆಯ ಮೇಲಿಂದ ಹುಳ ಸುರಿಯತೊಡಗಿದವು. ಕೊಪ್ಪರಿಗೆ ಮುಗಿಸಿ ಅವು ಕಿಂಡಿಗೆ ನುಗ್ಗಿದವು. ಕಿಂಡಿಯ ಬಾಯಲ್ಲಿ ಎರಡೆರಡು ಹುಳ ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗಿ ಕೆಳಗೆ ಬೀಳುತ್ತಿದ್ದವು.

ಅತ್ತೆ ಓಡಿಬಂದಳು. ಕೊಪ್ಪರಿಗೆಯನ್ನು ಕಾಲಲ್ಲಿ ಒದ್ದು ದೂರ ಉರುಳಿಸಿದಳು. ಒದ್ದೆ ಗೋಣಿ ತಂದು ಗಡಿಗೆಗೆ ಹೊದಿಸಿದಳು, ಹಸಿಮಣ್ಣು ಮೆತ್ತಿ ಕಿಂಡಿ ಕಿರಿದು ಮಾಡಿದಳು. ಕೈಯೆಲ್ಲ ಕಚ್ಚಿಸಿಕೊಂಡಳು. ಏನೂ ಉಪಯೋಗವಾಗಲಿಲ್ಲ. ಒಳಗೆ ನುಗ್ಗಿದವು ನುಗ್ಗಿದ್ದವು. ಆಗ ಅವಳು ಅಡುಗೆಮನೆಗೆ ಹೋಗಿ ರಾಗಿಹಿಟ್ಟಿನ ಮಡಕೆಯನ್ನೇ ಎತ್ತಿ ತಂದಳು. ಹಿಡಿಹಿಡಿಯಾಗಿ ಹಿಟ್ಟನ್ನು ಆ ಹುಳಗಳ ಮೇಲೆ ಎರಚಿದಳು. ಎರಚಿ, ಸುಮ್ಮನೆ ನಿಂತು, ಕಾದಳು.

ಮುಂದಿನ ಅಂಗಳದಿಂದ ರಂಗ ಕೂಗಿದ. ಪಾಪ, ಅವನಿಗೆ ಅದು ಆಟ. “ಬಂದ್ವು ಕಣೇ! ಇಟ್ಟಿನವು ನಮ್ ಗೋಡೆಗೇ ಬಂದ್ವು! ನಾನೇ ಗೆದ್ದೆ!”

ಜಗುಲಿಯ ಗಂಡಸರೆಲ್ಲ ಎದ್ದು ನೋಡಿದರು. ಬೂದಿ ಬಣ್ಣದ ಹುಳಗಳು ದೊಡ್ಡಪ್ಪನ ಗಡಿಗೆಗಳೊಳಗೆ ಹೊಟ್ಟೆ ತುಂಬಿಸಿಕೊಂಡು ಇಳಿಯುತ್ತಿದ್ದವು. ನಂಜಯ್ಯ ತೊಡೆ ತಟ್ಟಿಕೊಂಡು ನಕ್ಕ. “ಗೌಡ್ರೇ, ನಿಮ್ ಮುಂದ್ಲ ಉಳ ನಿಮ್ ಇಂದ್ಲ ಉಳನ್ನೇ ಉಂಡ್ಬುಟ್ವಲ್ಲ! ಇದು ಮನೆ ಜಗಳ ಕಣಪ್ಪ, ಇದ್ಕೆ ನಾವು ಪಂಚಾಯ್ತಿ ಮಾಡಾಕಿಲ್ಲ.”

ಇದೇ ಆ ಕಥೆಯ ತಮಾಷೆ. ಇಲ್ಲಿಗೇ ರಂಗ ಕಥೆ ನಿಲ್ಲಿಸುವುದು, ಮಕ್ಕಳು ನಗುವುದು.

ಹೊತ್ತು ಮುಳುಗುವಾಗ ಗಡಿಗೆ ನಿಶ್ಶಬ್ದವಾಗಿತ್ತು. ಅತ್ತೆ ಚಿಪ್ಪು ತೆಗೆದಳು. ರೊಟ್ಟಿಗಳು ಹರಿದು ಹಿಟ್ಟುಹಿಟ್ಟಾಗಿದ್ದವು. ರಾಣಿಯನ್ನು ಅವಳು ಸತ್ತ ಹುಳಗಳ ರಾಶಿಯಲ್ಲಿ ಹುಡುಕಿ ತೆಗೆದು ಅಂಗೈ ಮೇಲಿಟ್ಟುಕೊಂಡು ನೋಡಿದಳು. ದೊಡ್ಡಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. “ಅಯ್ಯೋ, ಒಳ್ಳೇದ್ ಮಾಡಕ್ ಓದ್ರೆ ಇಂಗಾಯ್ತಲ್ಲವ್ವ,” ಅಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಕಂಡಿದ್ದೇನೆ. ಅವನು ಕರು ಸತ್ತರೂ ಅಳುತ್ತಿದ್ದ. ಅದರಿಂದ ನನಗೇನೂ ತಿಳಿಯುವುದಿಲ್ಲ.

ಅತ್ತೆ ಕೇಳಿದ್ದು ಒಂದೇ ಮಾತು. “ಒತ್ತಿದ್ದಂಗೇ ಯಾಕಿಟ್ಟೆ ಅಣ್ಣಯ್ಯ?”

“ಮೋಡ ಇತ್ತಲ್ಲವ್ವ.”

ಆವತ್ತು ಮಳೆ ಬರಲಿಲ್ಲ. ಅದು ಖಂಡಿತ, ಎಲ್ಲರೂ ಒಪ್ಪುತ್ತಾರೆ. ಆದರೆ ವೈಶಾಖದ ಮೋಡ ಸುಮ್ಮನೆ ಬಂದು ಸುಮ್ಮನೆ ಹೋಗುವುದೂ ಉಂಟು.

ಮರುದಿನ ಸಂಜೆ ದೊಡ್ಡಪ್ಪ ಜಗುಲಿಯ ಮೇಲೆ, ಮೆಲ್ಲಗೆ, ಬಹಳ ಬೇಸರವಾದವನ ಹಾಗೆ ಅಂದ: “ಉಳ ನಿಲ್ನಿಲ್ಲ ಕಣಮ್ಮಿ.” ಆಗ ಎಲ್ಲರೂ ನಕ್ಕ ಮಾತು ಈಗ ಯಾರ ಬಾಯಲ್ಲೂ ನಗುವಾಗಿ ಬರಲಿಲ್ಲ. ಸಾಕ್ಷಿಗೆ ಜನ ಬೇಕೆಂದು ಕರೆದವಳು ಅವಳೇ ತಾನೆ? ನನ್ನ ಅಪ್ಪ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚುತ್ತಲೇ ಇದ್ದ. ನಂಜಯ್ಯ ಅವಳ ಕೈಗುಣದ ಬಗ್ಗೆ ಏನೋ ಗೊಣಗಿದ. ಹೆಂಗಸಿನ ಕೈಯಲ್ಲಿ ಜೇನು ನಿಲ್ಲುವುದಿಲ್ಲ ಎಂಬ ಮಾತು ನಮ್ಮೂರಲ್ಲಿ ಹುಟ್ಟಿದ್ದು ಆವತ್ತು. ಅದಕ್ಕೆ ಮುಂಚೆ ಅಂಥ ಮಾತೇ ಇರಲಿಲ್ಲ. ಆಮೇಲೆ ಅದು ಹಿಂದಿನಿಂದಲೂ ಇದ್ದ ಮಾತಾಗಿಬಿಟ್ಟಿತು. ನೆನಪು ಹೇಗೆ ಮೋಸ ಮಾಡುತ್ತದೆ ಎಂದು ನಾನು ಕಲಿತದ್ದು ಹೀಗೆ.

ಮುಂಗಾರಿಗೆ ಮುಂಚೆ ಕೂಡಾವಳಿ ಆಯಿತು. ನಾಗಮಂಗಲದ ಗಾಡಿ ಬಾಗಿಲಿಗೆ ಬಂದಾಗ ದೊಡ್ಡಪ್ಪ ತಂಗಿಗೆ ಉಡುಗೊರೆಯಾಗಿ ಒಂದು ತಂಬಿಗೆ ಜೇನು ಕೊಟ್ಟ. ಮುಂದಿನ ಗೋಡೆಯ ಆ ಗಡಿಗೆಗಳದೇ ಜೇನು ಎಂದು ನಾನು ಹೇಳಬೇಕಾಗಿಲ್ಲ. ಅತ್ತೆ ಆ ತಂಬಿಗೆಯನ್ನು ಜಗುಲಿಯ ಮೇಲೇ ಬಿಟ್ಟು, ತಿರುಗಿಯೂ ನೋಡದೆ ಗಾಡಿ ಹತ್ತಿದಳು ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆ ನನ್ನ ಗಂಡನಿಗೆ ಹೇಳಿದ್ದೇನೆ, ಮಗಳಿಗೆ ಹೇಳಿದ್ದೇನೆ. ಅವ್ವ ಸಾಯುವುದಕ್ಕೆ ಸ್ವಲ್ಪ ಮುಂಚೆ ಅದನ್ನು ಕೇಳಿ ಬೆರಗಾದಳು. “ಯಾರೇ ಅಂಗಂದೋರು? ತಕ್ಕಂಡೇ ಓದ್ಲು. ಚೆಲ್ಲೀತು ಅಂತ ಮಡ್ಲಲ್ಲಿ ಇಟ್ಕಂಡು ಎಲ್ಡೂ ಕೈಲಿ ಇಡ್ಕಂಡಿದ್ಲು.”

ಹಾಗಾದರೆ ನಾನು ಕಂಡ ಆ ಬಿಟ್ಟುಹೋದ ತಂಬಿಗೆ? ನನ್ನ ಸಿಟ್ಟು ಕಟ್ಟಿಕೊಂಡದ್ದು. ರಂಗನ ಹೊಂಗೆಹೂವಿನ ಹಾಗೆಯೇ. ಅವನನ್ನು ಬೈಯಲು ನನಗಿರುವ ಅಧಿಕಾರವೂ ಅಲ್ಲಿಗೆ ಹೋಯಿತು.

ಅತ್ತೆ ಆ ಮನೆಯಲ್ಲಿ ಇನ್ನೊಬ್ಬಳು ಹೆತ್ತ ಮಕ್ಕಳನ್ನು ಸಾಕಿದಳು, ತಾನೂ ಹೆತ್ತಳು. ಹಬ್ಬಕ್ಕೆ ಬಂದರೆ ಮುಂದಿನ ಜಗುಲಿಯಲ್ಲಿ ಕೂರುತ್ತಿರಲಿಲ್ಲ. ಒಮ್ಮೆ ನಾನು, ಎರಡು ಮಕ್ಕಳ ತಾಯಿಯಾದ ಮೇಲೆ, ಅವಳಿಗೆ ತಲೆ ಬಾಚುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ. “ಅತ್ತೆ, ಅವತ್ತು ಮೋಡ ಇತ್ತಾ?”

ಅವಳು ನಕ್ಕಳು. “ಮೋಡ ತಕ್ಕಂಡು ಏನ್ ಮಾಡೀಯೆ? ಸಿಕ್ಕು ಬಿಡ್ಸು.”

ಈಗ ಹುಚ್ಚೆಳ್ಳಿನ ಹಳದಿ ಹೊಲಗಳಿದ್ದಲ್ಲಿ ಕಬ್ಬು ನಿಂತಿದೆ. ಹಳ್ಳದ ಹೊಂಗೆಗಳು ಹೋದವು. ಗಡಿಗೆ ಹುದುಗಿಸುವ ಮಣ್ಣುಗೋಡೆಯೇ ಊರಲ್ಲಿಲ್ಲ. ಇದೆಲ್ಲ ಹೋಯಿತಲ್ಲ ಎಂದು ರಂಗ ನಿಟ್ಟುಸಿರು ಬಿಡುತ್ತಾನೆ. ನನಗೆ ಹೋದದ್ದು ಬೇರೆ. ಸಾಬರು ಹೋದರು, ನಂಜಯ್ಯ ಹೋದ, ಅಪ್ಪ ಅವ್ವ ಹೋದರು, ದೊಡ್ಡಪ್ಪ ಮೊಮ್ಮಕ್ಕಳ ಕೈಯಲ್ಲಿ ನೀರು ಕುಡಿದು ಸುಖವಾಗಿ ಸತ್ತ. ಹೋದ ವರ್ಷ ಅತ್ತೆಯೂ ಹೋದಳು. ಆ ಹಿತ್ತಿಲಲ್ಲಿ ನಿಂತು ತಲೆಯೆತ್ತಿ ನೋಡಿದವರು ಈಗ ಒಬ್ಬರೂ ಇಲ್ಲ. ಉಳಿದವರು ಆಟವಾಡುತ್ತಿದ್ದ ರಂಗ, ಸೂರಿನ ಕೆಳಗಿದ್ದ ನಾನು.

ದೊಡ್ಡಪ್ಪನನ್ನು ಇಷ್ಟು ವರ್ಷ ದ್ವೇಷಿಸಿದ್ದೇನೆ, ಇನ್ನೂ ದ್ವೇಷಿಸುತ್ತೇನೆ. ಮೋಡ ಇದ್ದಿದ್ದರೆ ಅವನು ಅವಸರಪಟ್ಟ ಒಬ್ಬ ಒಳ್ಳೆಯ ಅಣ್ಣ. ಇಲ್ಲದಿದ್ದರೆ ಅಲ್ಲ. ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.